ಗೋಬಿ ಮಂಚೂರಿ ಚೀನಾದ್ದಲ್ಲ, ಆ ಕೆಂಪು ಬಣ್ಣ ಯಾರದ್ದೂ ಅಲ್ಲ

ಸಂಜೆ ಐದಾದರೆ ಬಸ್ ಸ್ಟ್ಯಾಂಡ್ ಎದುರು ಗೋಬಿ ಗಾಡಿಗಳ ಬಾಣಲೆ ಸದ್ದು ಶುರು. ಗಾಡಿ ಮೇಲೆ ಡ್ರ್ಯಾಗನ್ ಚಿತ್ರ, ‘ಚೈನೀಸ್ ಫಾಸ್ಟ್ ಫುಡ್’ ಅಂತ ಬೋರ್ಡ್. ಆದ್ರೆ ಗೋಬಿ ಮಂಚೂರಿ ಚೀನಾದ ಅಡುಗೆಯೇ ಅಲ್ಲ.

ಚೀನಾದಿಂದ ಬಂದು ಕೋಲ್ಕತ್ತಾದಲ್ಲಿ ನೆಲೆಸಿದ ಹಕ್ಕಾ ಜನ ತಮ್ಮ ಅಡುಗೆಗೆ ಇಲ್ಲಿಯ ಹಸಿಮೆಣಸಿನಕಾಯಿ, ಮಸಾಲೆ ಸೇರಿಸಿ ನಮ್ಮ ಬಾಯಿಗೆ ಒಗ್ಗಿಸಿದರು. ಅಲ್ಲೇ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗ ಮುಂಬೈಗೆ ಬಂದು 1975ರಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎನ್ನುತ್ತಾರೆ. ಚಿಕನ್ ಜಾಗಕ್ಕೆ ಹೂಕೋಸು ಬಂತು, ನಮ್ಮೂರ ಜಾತ್ರೆಗೂ ಬಂತು.

ಒಂದು ಪ್ಲೇಟ್ ಬಿಡಿಸಿ ನೋಡಿ. ಹೂಕೋಸು ಬ್ರಿಟಿಷರ ಕಾಲದಲ್ಲಿ ಬಂದದ್ದು. ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಬಂದ ಅಮೆರಿಕ ಖಂಡದ ಬೆಳೆ. ಕಾರ್ನ್‌ಫ್ಲೋರ್‌ನ ಮೆಕ್ಕೆಜೋಳವೂ ಅಲ್ಲಿಯದೇ, ಈಗ ದಾವಣಗೆರೆ, ಹಾವೇರಿ ರೈತರದ್ದು. ಟೇಸ್ಟಿಂಗ್ ಪೌಡರ್ 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೇ ಇಕೆಡಾ ಕಂಡುಹಿಡಿದದ್ದು. ಚೀನಾದ್ದು ಅಂತ ಇರೋದು ಸೋಯಾ ಸಾಸ್ ಒಂದೇ!

ಹಾಗಾದ್ರೆ ಆ ಕಡುಗೆಂಪು? ಅದು ಕಣ್ಣಿಗೆ, ಈಗ ರೀಲ್ಸ್‌ಗೆ. ರುಚಿಗೂ ಅದಕ್ಕೂ ಸಂಬಂಧವಿಲ್ಲ.

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿಯಲ್ಲಿ ಕೃತಕ ಬಣ್ಣ ನಿಷೇಧಿಸಿತು. ಪರೀಕ್ಷೆಗೆ ಕಳಿಸಿದ 171 ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ ಎಂದು ವರದಿ ಬಂದಿತ್ತು. ತಪ್ಪಿದರೆ ಕನಿಷ್ಠ 7 ವರ್ಷ ಜೈಲು, 10 ಲಕ್ಷದವರೆಗೆ ದಂಡ ಎಂದು ಸರ್ಕಾರ ಎಚ್ಚರಿಸಿತ್ತು.

ಅಂಗಡಿಯವರು ಎಡವೋದು ಇಲ್ಲೇ. ಡಬ್ಬಿ ಮೇಲೆ ‘ಫುಡ್ ಕಲರ್’ ಅಂತಾನೇ ಇರುತ್ತೆ, ಕಿರಾಣಿ ಅಂಗಡಿಯಲ್ಲೇ ಸಿಗುತ್ತೆ. ಆದ್ರೆ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ ಥರದ ಬಣ್ಣಗಳಿಗೆ ಸಿಹಿತಿಂಡಿಯಂಥ ಕೆಲವು ಪದಾರ್ಥಗಳಲ್ಲಿ ಮಾತ್ರ, ಅದೂ ಮಿತಿಯಲ್ಲಿ ಅನುಮತಿ. ಗೋಬಿಗೆ ಇಲ್ಲ. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಅಂತೂ ಬಟ್ಟೆಗೆ ಹಾಕೋ ಬಣ್ಣ, ಅದನ್ನ ಯಾವ ತಿಂಡಿಗೂ ಹಾಕೋ ಹಾಗಿಲ್ಲ. ಇದನ್ನ ದಾಳಿಗೆ ಮೊದಲೇ ಗಾಡಿಯವರಿಗೆ ಕೂತು ತಿಳಿಸಬೇಕಿತ್ತು ಅನ್ನೋದು ನನ್ನ ಅನಿಸಿಕೆ.

ಬಣ್ಣ ಬೇಕೇ ಬೇಕು ಅಂದ್ರೆ ಬ್ಯಾಡಗಿ ಮೆಣಸಿನಕಾಯಿ ಇದೆ. ಖಾರ ಕಮ್ಮಿ, ಕೆಂಪು ಜಾಸ್ತಿ. ಅದರ ಬಣ್ಣದ ಸಾರ ತೆಗೆದು ವಿದೇಶಕ್ಕೆ ಕಳಿಸ್ತಾರೆ, ನಾವು ಇಲ್ಲಿ ಡಬ್ಬಿ ಪುಡಿ ಸುರೀತೀವಿ. ನೆನೆಸಿ ರುಬ್ಬಿ ಹಾಕಿದ್ರೆ ಡಬ್ಬಿ ಬಣ್ಣದಷ್ಟು ಹೊಳೆಯಲ್ಲ, ಖರ್ಚೂ ಜಾಸ್ತಿ, ನಿಜ.

“ಬಣ್ಣ ಬಿಟ್ಟ ವಾರ ಹುಡುಗ್ರು ‘ಏನಣ್ಣ, ಹಳೇ ಗೋಬಿನಾ?’ ಅಂದ್ರು. ಅರ್ಧ ವ್ಯಾಪಾರ ಹೋಯ್ತು” ಅಂದ್ರು ಒಬ್ಬ ಗಾಡಿ ಮಾಲೀಕರು. ಈಗ ಅವರು ಬ್ಯಾಡಗಿ ಪೇಸ್ಟ್ ಹಾಕ್ತಿದ್ದಾರೆ, ‘ಕಲರ್ ಹಾಕುವುದಿಲ್ಲ’ ಅಂತ ಬೋರ್ಡೂ ಕಟ್ಟಿದ್ದಾರೆ. ಪಕ್ಕದ ಗಾಡಿಯಲ್ಲಿ ಇನ್ನೂ ಕೆಂಪೇ.