ಕಾಗೆಬಂಗಾರದ ಪದರುಗಳು

ಹೊಳೆಯ ಮರಳಿನಲ್ಲಿ ಬಿಸಿಲಿಗೆ ಮಿರುಗುವ ಚೂರುಗಳನ್ನು ಕಂಡು ಚಿನ್ನವೆಂದು ಭ್ರಮಿಸದ ಮಕ್ಕಳು ವಿರಳ. ನಮ್ಮ ಜನ ಅದಕ್ಕೆ ಕಾಗೆಬಂಗಾರವೆಂದು ಹೆಸರಿಟ್ಟರು; ಶಾಸ್ತ್ರದಲ್ಲಿ ಅದು ಅಭ್ರಕ. ಹೆಸರಿನಲ್ಲಿ ತಾತ್ಸಾರವಿದ್ದರೂ, ರೇಡಿಯೋ ಪೆಟ್ಟಿಗೆಯ ಕಂಡೆನ್ಸರುಗಳಲ್ಲಿ ಲೋಹದ ತಗಡುಗಳ ನಡುವೆ ಬಹುಕಾಲ ನಿಂತು ಶ್ರೋತೃಗಳ ಸೇವೆ ಮಾಡಿದುದು ಈ ವಸ್ತುವೇ.

ಅದರ ತುಂಡೊಂದರ ಅಂಚಿಗೆ ಸೂಜಿಯ ಮೊನೆಯನ್ನು ತಗುಲಿಸಿ ಎತ್ತಿದರೆ ಹಾಳೆಯು ಸುಲಭವಾಗಿ ಏಳುತ್ತದೆ. ಆ ಹಾಳೆಯನ್ನೇ ಅಡ್ಡಲಾಗಿ ಮುರಿಯಹೋದರೆ ಬಾಗಿ, ಮತ್ತೆ ನೆಟ್ಟಗಾಗಿ, ಮೊಂಡುತನ ತೋರುತ್ತದೆ. ಒಂದೇ ವಸ್ತುವಿನಲ್ಲಿ ಈ ಎರಡು ಸ್ವಭಾವಗಳೇಕೆ? ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳ ಪರಮಾಣುಗಳು ಚಾಪೆಯಂತೆ ಬಿಗಿಯಾಗಿ ಹೆಣೆದುಕೊಂಡು ಒಂದೊಂದು ಪದರಾಗಿವೆ. ಪದರುಗಳಲ್ಲಿರುವುದು ಋಣವಿದ್ಯುತ್ತು, ಅವುಗಳ ನಡುವೆ ಕುಳಿತ ಪೊಟಾಸಿಯಂ ಕಣಗಳಲ್ಲಿ ಧನವಿದ್ಯುತ್ತು. ಇವೆರಡರ ಆಕರ್ಷಣೆಯೇ ಪದರುಗಳನ್ನು ಹಿಡಿದಿರುವ ಅಂಟು. ಚಾಪೆಯ ಹೆಣಿಗೆಯ ಮುಂದೆ ಅದು ದುರ್ಬಲ. ಆದಕಾರಣ ಬಿರುಕು ಅಲ್ಲಿಯೇ ದಾರಿ ಮಾಡಿಕೊಳ್ಳುತ್ತದೆ. ಬಳಪದ ಕಲ್ಲಿನ ಪದರುಗಳಿಗಾದರೋ ಈ ಅಂಟೂ ಇಲ್ಲ. ಅದು ಬೆರಳಿಗೆ ಜಾರುವುದು ಅದರಿಂದಲೇ. ಅಭ್ರಕದ ಒಂದು ಮಿಲಿಮೀಟರು ದಪ್ಪದಲ್ಲಿ ಸುಮಾರು 10 ಲಕ್ಷ ಪದರುಗಳಿವೆಯೆಂದಮೇಲೆ, ನಮ್ಮ ಸೂಜಿ ಎಬ್ಬಿಸಿದ ಹಾಳೆ ಬಲು ತೆಳುವೆಂದು ಹೆಮ್ಮೆಪಡುವಂತಿಲ್ಲ.

ರಷ್ಯದ ಒಬ್ರೈಮೊವ್ ಎಂಬ ವಿಜ್ಞಾನಿ 1930ರಲ್ಲಿ ಈ ಅಂಟಿನ ಬಲವನ್ನು ಅಳೆದು ಪ್ರಕಟಿಸಿದರು. ಗಾಜಿನ ಬೆಣೆಯೊಂದನ್ನು ಪದರುಗಳ ನಡುವೆ ನೂಕಿ, ಏಳುವ ಹಾಳೆಯ ಬಾಗಿನಿಂದ ಸೀಳುವುದಕ್ಕೆ ತಗಲುವ ಶಕ್ತಿಯನ್ನು ಲೆಕ್ಕಹಾಕಿದರು. ಗಾಳಿಯನ್ನು ಹೊರತೆಗೆದ ಪಾತ್ರೆಯಲ್ಲಿ ಅದೇ ಅಭ್ರಕವನ್ನು ಸೀಳಲು ಹಲವು ಪಟ್ಟು ಹೆಚ್ಚು ಶಕ್ತಿ ಬೇಕಾಯಿತು! ಗಾಳಿಯಲ್ಲಿನ ತೇವವು ಬಿರುಕಿನೊಳಗೆ ನುಸುಳಿ, ಹೊಸದಾಗಿ ತೆರೆದ ಮೈಗಳಿಗೆ ಅಂಟಿಕೊಂಡು, ಅವುಗಳ ಪರಸ್ಪರ ಸೆಳೆತವನ್ನು ತಗ್ಗಿಸುತ್ತದೆ. ಬೆಣೆಯನ್ನು ಹಿಂದೆಗೆದರೆ ಬಿರುಕು ತಾನಾಗಿ ಮುಚ್ಚಿಕೊಳ್ಳುತ್ತಿದ್ದುದೂ ಕಂಡುಬಂದಿತು. ಸೀಳುವ ಕೆಲಸದಲ್ಲಿ ನಾವು ಕಾಣದ ನೀರಿನ ಕೈವಾಡವೂ ಇದೆ.

ಪ್ರಯೋಗಶಾಲೆಯ ಬೆಣೆಯ ಮಾತು ಹೀಗಾಯಿತು. ಜಾರ್ಖಂಡದ ಕೋಡರ್ಮಾ ಪ್ರಾಂತದಲ್ಲಿ ಅಭ್ರಕವನ್ನು ಚೂರಿ ಹಿಡಿದು ಕೈಯಿಂದಲೇ ಸೀಳುತ್ತ ಬಂದಿದ್ದಾರೆ. ಬಿರುಕಿನ ಜಾಡು ಬೆರಳಿಗೆ ತಿಳಿಯುವಷ್ಟು ಯಂತ್ರಕ್ಕೆ ತಿಳಿಯದು. ಹೆಂಗಸರೂ ಮಕ್ಕಳೂ ಈ ಕಸಬಿನಲ್ಲಿ ಪಳಗಿದವರು. ಹಳೆಯ ಗಣಿಗಳು ಬಹುಮಟ್ಟಿಗೆ ಮುಚ್ಚಿದ ಮೇಲೆ ಬಡವರು ಪರವಾನಗಿಯಿಲ್ಲದ ಗುಂಡಿಗಳಿಗಿಳಿದು ಚೂರುಗಳನ್ನು ಆಯತೊಡಗಿದರು. ಅಲ್ಲಿ ಮಣ್ಣು ಕುಸಿದು ಮಕ್ಕಳು ಸತ್ತ ಸಂಗತಿ 2016ರಲ್ಲಿ ಪತ್ರಿಕೆಗಳ ಮೂಲಕ ಹೊರಬಿದ್ದಿತು. ಆ ಚೂರುಗಳನ್ನು ಪುಡಿಮಾಡಿ ಮೋಟಾರು ಗಾಡಿಗಳ ಬಣ್ಣಕ್ಕೂ ಮುಖಾಲಂಕಾರದ ಪುಡಿಗೂ ಮಿನುಗು ಬರಿಸಲು ಬೆರೆಸುತ್ತಾರೆ.