ಗಿಣಿಗೊಂದು ನಂಬರು: ಕಾಲಿಗೆ ರಿಂಗೋ, ಮೈಗೆ ಚಿಪ್ಪೋ?

ನಾವು ಗಿಣಿ ಎನ್ನುವ ಹಕ್ಕಿಯನ್ನು ಅಕ್ಕಲಕೋಟೆಯ ಸಂತೆಯಲ್ಲಿ ಪೋಪಟ ಎನ್ನುತ್ತಾರೆ, ಮಡಕಶಿರಾದಲ್ಲಿ ಚಿಲುಕ, ಕಾಸರಗೋಡಿನಲ್ಲಿ ತತ್ತ, ಹೊಸೂರಿನಲ್ಲಿ ಕಿಳಿ. ಗಡಿಯವರಾದ ನಮಗೆ ಒಂದೇ ಹಕ್ಕಿಗೆ ಎರಡು ಹೆಸರಿರುವುದು ಹೊಸದಲ್ಲ. ಆದರೆ ಎರಡು ಹಕ್ಕಿಗಳು ನೋಡಲು ಒಂದೇ ಥರ ಇದ್ದಾಗ ಏನು ಮಾಡುತ್ತೀರಿ? ನಿಮ್ಮ ಮನೆಯ ಕಾಕಟೀಲ್ ಕಿಟಕಿಯಿಂದ ಹಾರಿಹೋಗಿ ಪಕ್ಕದೂರಿನ ಯಾರದೋ ಪಂಜರ ಸೇರಿತು ಎನ್ನಿ. ‘ಇದು ನಮ್ಮದು’ ಎಂದು ನೀವು ಹೇಳುತ್ತೀರಿ. ‘ದುಡ್ಡು ಕೊಟ್ಟು ತಂದದ್ದು’ ಎಂದು ಅವರು ಹೇಳುತ್ತಾರೆ. ಪಳಗಿದ ಹಕ್ಕಿ ಇಬ್ಬರ ಹೆಗಲ ಮೇಲೂ ಕೂರುತ್ತದೆ. ನ್ಯಾಯ ಹೇಳುವವರಿಗೆ ಸಾಕ್ಷಿ ಬೇಕಲ್ಲ!

ಆ ಸಾಕ್ಷಿಗೆ ಈಗ ಎರಡು ದಾರಿಗಳಿವೆ. ಒಂದು, ಕಾಲಿಗೆ ಹಾಕುವ ರಿಂಗು. ಇನ್ನೊಂದು, ಮೈಯೊಳಗೆ ಸೇರಿಸುವ ಮೈಕ್ರೋಚಿಪ್. ಚಿಪ್ ಎಂದರೆ ತೆಂಗಿನ ಚಿಪ್ಪಲ್ಲ, ಅದನ್ನು ಮುಂದೆ ಹೇಳುತ್ತೇನೆ.

ರಿಂಗು ಹಳೆಯದು. ಡೆನ್ಮಾರ್ಕಿನ ಮಾರ್ಟೆನ್‌ಸೆನ್ ಎಂಬ ಶಾಲಾ ಮೇಷ್ಟರು 1899ರಲ್ಲೇ ಹಕ್ಕಿಗಳ ಕಾಲಿಗೆ ನಂಬರು ಕೊರೆದ ಅಲ್ಯೂಮಿನಿಯಂ ರಿಂಗು ಹಾಕಿ ಬಿಟ್ಟಿದ್ದರು. ಸಾಕುವ ಗಿಣಿಗಳ ರಿಂಗಿನಲ್ಲಿ ಎರಡು ಜಾತಿ. ಬಾಯಿ ತೆರೆದಿರುವ ರಿಂಗನ್ನು ಯಾವ ವಯಸ್ಸಿನ ಹಕ್ಕಿಗಾದರೂ ಇಕ್ಕಳದಿಂದ ಒತ್ತಿ ಹಾಕಬಹುದು. ಅಷ್ಟೇ ಸುಲಭವಾಗಿ ಬಿಚ್ಚಿ ಇನ್ನೊಂದಕ್ಕೂ ಹಾಕಬಹುದು. ಆದ್ದರಿಂದ ಅದು ಅರ್ಧ ಸಾಕ್ಷಿ.

ಎಲ್ಲೂ ಸೀಳಿಲ್ಲದ ಮುಚ್ಚಿದ ರಿಂಗಿನ ಗತ್ತೇ ಬೇರೆ. ಅದನ್ನು ಮರಿ ಗೂಡಿನಲ್ಲಿರುವಾಗಲೇ, ಜಾತಿ ನೋಡಿಕೊಂಡು ಒಂದರಿಂದ ಮೂರು ವಾರದೊಳಗೆ ಹಾಕಬೇಕು. ಗಿಣಿಗೆ ಮುಂದೆ ಎರಡು, ಹಿಂದೆ ಎರಡು ಬೆರಳು. ಮುಂದಿನ ಎರಡನ್ನೂ ಹಿಂದಿನ ಉದ್ದ ಬೆರಳನ್ನೂ ಸೇರಿಸಿ ಹಿಡಿದು ರಿಂಗಿನಲ್ಲಿ ತೂರಿಸುತ್ತಾರೆ. ಉಳಿದ ಚಿಕ್ಕ ಬೆರಳನ್ನು ಕಾಲಿಗೆ ಒತ್ತಿ ಹಿಡಿದು ರಿಂಗನ್ನು ಮೇಲೆ ಜಾರಿಸಿ, ಆಮೇಲೆ ಆ ಬೆರಳನ್ನು ಮೆಲ್ಲಗೆ ಬಿಡಿಸುತ್ತಾರೆ. ಕೆಲವು ದಿನ ತಡವಾದರೆ ಪಾದ ಬೆಳೆದು ರಿಂಗು ಹತ್ತುವುದಿಲ್ಲ. ಹೀಗಾಗಿ ಬೆಳೆದ ಹಕ್ಕಿಯ ಕಾಲಿನಲ್ಲಿ ಸರಿಯಾದ ಅಳತೆಯ ಮುಚ್ಚಿದ ರಿಂಗು ಇದ್ದರೆ, ಅದು ಕಾಡಿನಿಂದ ಹಿಡಿದು ತಂದದ್ದಲ್ಲ, ಮನುಷ್ಯರ ಕೈಯಲ್ಲೇ ಮರಿಯಾದದ್ದು ಎಂದು ತಿಳಿಯಬಹುದು. ಬಡ್ಜಿಗೆ ಸುಮಾರು 4 ಮಿಲಿಮೀಟರಿನದು, ಆಫ್ರಿಕಾದ ಬೂದು ಗಿಣಿಗೆ ಸುಮಾರು 11ರದು.

ಆದರೆ ರಿಂಗು ಪಂಜರದ ತಂತಿಗೆ ಸಿಕ್ಕಿಕೊಂಡು ಕಾಲು ಮುರಿಯುವುದುಂಟು. ಒಳಗೆ ಹೊಟ್ಟು ಸೇರಿ, ಕಾಲು ಊದಿ, ರಕ್ತ ಓಡಾಡದೆ ಪಾದವೇ ಹೋಗುವುದೂ ಉಂಟು. ರಿಂಗು ಸಲೀಸಾಗಿ ತಿರುಗುತ್ತದೆಯೇ ಎಂದು ಆಗಾಗ ನೋಡಿ. ಬಿಗಿಯಾಗಿದ್ದರೆ ಅಡಿಗೆಮನೆಯ ಕತ್ತರಿ ಹಿಡಿಯಬೇಡಿ, ಪಶುವೈದ್ಯರ ಕೈಯಿಂದಲೇ ಕತ್ತರಿಸಬೇಕು.

ಇನ್ನು ಚಿಪ್. ಅಕ್ಕಿ ಕಾಳಿಗಿಂತ ತುಸು ದೊಡ್ಡದು, ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ. ಪಶುವೈದ್ಯರು ದಪ್ಪ ಸೂಜಿಯಿಂದ ಅದನ್ನು ಗಿಣಿಯ ಎಡ ಎದೆಯ ಮಾಂಸಖಂಡದೊಳಗೆ ಇಡುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದರೆ ಅದು 134.2 ಕಿಲೋಹರ್ಟ್ಸ್ ರೇಡಿಯೋ ತರಂಗ ಬಿಡುತ್ತದೆ. ಚಿಪ್ಪಿನ ಸುರುಳಿ ಆ ತರಂಗದಿಂದಲೇ ಶಕ್ತಿ ಪಡೆದು ತನ್ನ 15 ಅಂಕಿಯ ನಂಬರನ್ನು ಹೇಳುತ್ತದೆ. ರೇಡಿಯೋ ಕೇಳುವ ನಿಮಗೆ ಇದು ಬೇಗ ಅರ್ಥವಾಗಬೇಕು. ನಿಮ್ಮ ಮೀಡಿಯಂ ವೇವ್ ಶುರುವಾಗುವುದು 531ರಿಂದ, ಗಿಣಿಯ ಸ್ಟೇಷನ್ನು ಅದಕ್ಕೂ ಬಹಳ ಕೆಳಗೆ!

ಒಂದು ತಪ್ಪು ತಿಳಿವಳಿಕೆ ಇದೆ. ಹಾರಿಹೋದ ಗಿಣಿ ಎಲ್ಲಿದೆ ಎಂದು ಚಿಪ್ ಹೇಳುವುದಿಲ್ಲ. ಯಂತ್ರ ಮೈಗೆ ತೀರಾ ಹತ್ತಿರ ಬಂದು ಕೇಳಿದರೆ ಮಾತ್ರ ಉತ್ತರ ಕೊಡುತ್ತದೆ. ಕಳ್ಳನಿಗೆ ರಿಂಗು ಕತ್ತರಿಸುವುದು ನಿಮಿಷದ ಕೆಲಸ, ಚಿಪ್ ತೆಗೆಯಲು ಶಸ್ತ್ರಚಿಕಿತ್ಸೆಯೇ ಆಗಬೇಕು. ಅದು ಚಿಪ್ಪಿನ ದೊಡ್ಡ ಗುಣ. ಆದರೆ ಹಕ್ಕಿ ಸಿಕ್ಕಿದ ಊರಿನ ಆಸ್ಪತ್ರೆಯಲ್ಲಿ ಯಂತ್ರವೇ ಇಲ್ಲದಿದ್ದರೆ ಆ ನಂಬರು ಎದೆಯೊಳಗೇ ಉಳಿಯಿತು. ರಿಂಗನ್ನಾದರೆ ಕನ್ನಡಕ ಹಾಕಿಕೊಂಡ ಯಾರಾದರೂ ಓದಿಯಾರು. ಬಡ್ಜಿಯಂಥ ಮೂವತ್ತು-ನಲವತ್ತು ಗ್ರಾಮಿನ ಜೀವಕ್ಕೆ ಆ ಸೂಜಿ ಹೆಚ್ಚಾಯಿತು, ಅದಕ್ಕೆ ರಿಂಗೇ ಸಾಕು. ಸಾವಿರಾರು ರೂಪಾಯಿಯ ದೊಡ್ಡ ಗಿಣಿಗೆ ಎರಡೂ ಇರಲಿ ಎಂಬುದು ನನ್ನ ಅಭಿಪ್ರಾಯ.

ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ಖಾತೆ ನಂಬರಿಗೆ ಬೆಲೆ ಬರುವುದು ಲೆಡ್ಜರಿನಲ್ಲಿ ಆ ನಂಬರಿನ ಎದುರು ಹೆಸರು, ಸಹಿ ಇದ್ದಾಗ. ನಿಮ್ಮ ಹಸುವಿನ ಕಿವಿಯ ಹಳದಿ ಬಿಲ್ಲೆ ನೋಡಿ. ಅದರ 12 ಅಂಕಿಗಳು ಸರಕಾರದ ದಾಖಲೆಯಲ್ಲಿ ನಿಮ್ಮ ಹೆಸರಿಗೆ ಸೇರಿರುವುದರಿಂದಲೇ ಅದಕ್ಕೆ ಬೆಲೆ. ಗಿಣಿಯ ರಿಂಗಿಗೆ ಹಾಗೆ ಎಲ್ಲರದೂ ಸೇರಿದ ಒಂದೇ ಲೆಡ್ಜರು ಇಲ್ಲ. ಮರಿ ಮಾಡಿಸಿದವರ ಪುಸ್ತಕದಲ್ಲಿ ಒಂದು ಸಾಲು, ಅಷ್ಟೇ. ಆದ್ದರಿಂದ ಕೊಳ್ಳುವಾಗ ರಸೀದಿಯಲ್ಲಿ ರಿಂಗಿನ ನಂಬರು, ಇಸವಿ ಬರೆಸಿ. ಚಿಪ್ ಹಾಕಿಸಿದರೆ ವೈದ್ಯರ ಚೀಟಿಯಲ್ಲಿ 15 ಅಂಕಿಯೂ ಬರಲಿ, ಹಾಕಿದ ಕೂಡಲೇ ಯಂತ್ರ ಹಿಡಿದು ಓದಿಸಿ ತಾಳೆ ನೋಡಿ. ರಿಂಗು ಕತ್ತರಿಸಿದರೆ ಆ ತುಂಡನ್ನೂ ಚೀಟಿಯ ಜೊತೆ ಇಡಿ. ಹಕ್ಕಿ ಕೈ ಬದಲಾದರೆ ಕಾಗದವೂ ಜೊತೆಗೆ ಹೋಗಲಿ.

ವಿದೇಶೀ ಗಿಣಿಗಳಿಗೆ ಈಗ ಕಾನೂನಿನ ಲೆಡ್ಜರೂ ಬಂದಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, 2024ರ ನಿಯಮಗಳ ಪ್ರಕಾರ, ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಗಿಣಿಗಳನ್ನು ಸಾಕುವವರು ನೋಂದಾಯಿಸಬೇಕು. ಮಕಾವ್, ಕಾಕಟೂ, ಬೂದು ಗಿಣಿ ಎಲ್ಲ ಅದರಲ್ಲಿ ಬರುತ್ತವೆ. ಬಡ್ಜಿ, ಕಾಕಟೀಲ್ ಆ ಪಟ್ಟಿಯಲ್ಲಿಲ್ಲ.

ನಮ್ಮ ಹೊಲದ ಜೋಳದ ತೆನೆಗೆ ಬರುವ ಹಸಿರು ಗಿಣಿಯ ಮಾತೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಗಿಣಿಶಾಸ್ತ್ರದವರ ಗಿಣಿಗೂ ಇದೇ ಕಾನೂನು. ರಿಂಗು ಹಾಕಿದರೂ, ಚಿಪ್ ಇಟ್ಟರೂ ಅದು ನಿಮ್ಮದಾಗುವುದಿಲ್ಲ. ಮನೆಯಲ್ಲಿ ಈಗಾಗಲೇ ಇದ್ದರೆ ಪಂಜರದ ಬಾಗಿಲು ತೆಗೆದು ಸುಮ್ಮನೆ ಹಾರಿಬಿಡಬೇಡಿ. ಕೈತುತ್ತು ತಿಂದು ಬೆಳೆದದ್ದಕ್ಕೆ ಹೊರಗೆ ಮೇವು ಹುಡುಕಲು ಬರುವುದಿಲ್ಲ, ಕಾಗೆ-ಬೆಕ್ಕಿನ ಪಾಲಾಗುತ್ತದೆ. ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ, ಅವರಿಗೆ ಒಪ್ಪಿಸಿ.