ಸೈಕಲ್ ಏರುವ ಮುನ್ನ



ಬಸ್ ತಪ್ಪಿದರೆ ಅರ್ಧ ದಿನದ ಕೂಲಿ ಹೋಯ್ತು. ಸೈಕಲ್ ಕಲಿಯಿರಿ ಅಂತ ನಾವು ಹೇಳಿದರೆ, "ಜನ ನಗ್ತಾರೆ ಸಿಸ್ಟರ್" ಅಂತೀರಿ. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಅಲ್ಲೂ ಜನ ಆಡಿಕೊಂಡರು, ಇವರು ನಿಲ್ಲಿಸಲಿಲ್ಲ.

ಹೊರಡುವ ಮುಂಚೆ ಬ್ರೇಕ್, ಗಾಳಿ ನೋಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಅದು ಚಕ್ರಕ್ಕೆ ಸಿಕ್ಕರೆ ಬೀಳುತ್ತೀರಿ. ರಸ್ತೆಯ ಎಡಗಡೆ, ಒಬ್ಬರ ಹಿಂದೆ ಒಬ್ಬರು ಹೋಗಿ. ಮಾತುಕತೆ ಇಳಿದ ಮೇಲೆ. ತಿರುಗುವಾಗ ಹಿಂದೆ ನೋಡಿ ಕೈ ತೋರಿಸಿ. ಮಕ್ಕಳು, ಮುದುಕರು ನಡೆದು ಹೋಗ್ತಿದ್ದರೆ ದೂರದಿಂದಲೇ ಬೆಲ್ ಮಾಡಿ, ನಿಧಾನಿಸಿ. ಕತ್ತಲಲ್ಲಿ ಮುಂದೆ ಲೈಟ್, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕೇ ಬೇಕು.

ಸಂಘದ ಸಾಲದಲ್ಲಿ ಸೈಕಲ್ ಕೊಳ್ಳಲು ಅವಕಾಶ ಕೊಡಬಹುದೇ? ಮುಂದಿನ ಸಭೆಯಲ್ಲಿ ಚರ್ಚಿಸೋಣ.